ಮೂರು ವಸಂತ ಅಲೆದರೂ ಮೊರೆಲ್ ಅಣಬೆ ಕಣ್ಣಿಗೆ ಬೀಳುತ್ತಿಲ್ಲ: ಎಲ್ಲಿ ತಪ್ಪುತ್ತಿದ್ದೇನೆ?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಕಳೆದ ಮೂರು ವಸಂತಗಳಲ್ಲಿ, ಜೇನಿನ ಎರಿಯಂಥ ಟೊಪ್ಪಿಗೆಯ ಮೊರೆಲ್ ಅಣಬೆಗಾಗಿ ಒಟ್ಟು ಹನ್ನೊಂದು ದಿನ ಕಾಡು ಅಲೆದಿದ್ದೇನೆ. ಸಿಕ್ಕಿದ್ದು ಒಂದೇ ಒಂದು, ಅದೂ ನನಗಿಂತ ಮೊದಲು ಹೋದವರ ಕಾಲಡಿ ಸಿಕ್ಕಿ ಅಪ್ಪಚ್ಚಿಯಾದದ್ದು. ಆ ಕಾಡಿನಲ್ಲಿ ಮೊರೆಲ್ ಏಳುವುದಂತೂ ನಿಜ, ನನ್ನ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಪ್ರತಿ ವರ್ಷವೂ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ, ಒಂದು ಮಳೆ ಬಿದ್ದ ಮರುದಿನ, ಅದೇ ಗುಡ್ಡದ ಅದೇ ಇಳಿಜಾರಿಗೆ ಹೋಗುತ್ತೇನೆ. ನೆಲ ಒದ್ದೆಯಾಗಿರುತ್ತದೆ, ತರಗೆಲೆ ದಪ್ಪಗೆ ಹಾಸಿರುತ್ತದೆ, ನೆರಳಿಗೂ ಕೊರತೆಯಿಲ್ಲ. ಬೇರೆ ಅಣಬೆಗಳನ್ನು ಹುಡುಕಿ ಅಭ್ಯಾಸವಿರುವ ನನಗೆ ಇದಕ್ಕಿಂತ ಒಳ್ಳೆಯ ಜಾಗ ತೋಚುತ್ತಿಲ್ಲ.

ನಾನು ಹೋಗುವ ಕಾಲ ತಪ್ಪೋ, ಜಾಗ ತಪ್ಪೋ, ನೋಡುವ ಬಗೆಯೇ ತಪ್ಪೋ ತಿಳಿದವರು ಹೇಳಬೇಕು. ಇನ್ನೊಂದು ಅಳುಕೂ ಇದೆ. ಹುಸಿ ಮೊರೆಲ್‌ಗಳಿಂದ ಪ್ರಾಣಾಪಾಯ ಉಂಟೆಂದು ಓದಿದ್ದೇನೆ. ಸಿಕ್ಕಿದ್ದು ಅಸಲಿಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಹಳೆಬುಟ್ಟಿ

ಹೊಸಹೆಜ್ಜೆಯವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಗುಡ್ಡ, ಇಳಿಜಾರು, ತರಗೆಲೆ, ನೆರಳು ಎಲ್ಲವೂ ಇದೆ, ಒಂದು ಮರದ ಹೆಸರೂ ಇಲ್ಲ. ನಿಮ್ಮ ತೊಂದರೆ ಇರುವುದೇ ಅಲ್ಲಿ. ಮೊರೆಲ್ ಹುಡುಕುವವರು ಮೊದಲು ತಲೆಯೆತ್ತಿ ಮರ ಹುಡುಕುತ್ತಾರೆ. ತಲೆ ತಗ್ಗಿಸುವುದು ಆಮೇಲೆ.

ಎಲೆ ಉದುರುವ ಕಾಡಾದರೆ ನಾನು ಮೊದಲು ನೋಡುವುದು ಸಾಯುತ್ತಿರುವ ಎಲ್ಮ್ ಮರವನ್ನು. ಸತ್ತ ಎಲ್ಮ್ ಎಂದು ಹೇಳಿದರೆ ಸಾಲದು, ಸತ್ತು ಎಷ್ಟು ಕಾಲವಾಗಿದೆ ಎಂಬುದು ಮುಖ್ಯ. ತುದಿಯ ಸಣ್ಣ ರೆಂಬೆಗಳು ಇನ್ನೂ ಉಳಿದಿದ್ದು, ಕಾಂಡದ ತೊಗಟೆ ಹಕ್ಕಳೆಯೆದ್ದು ಅಲ್ಲಲ್ಲಿ ಕಳಚಿ ಬುಡದಲ್ಲಿ ಬಿದ್ದಿರುವ ಮರ ಸಿಕ್ಕರೆ ಅದರ ಸುತ್ತ ಮಂಡಿಯೂರಿ ಹುಡುಕುವುದು ಸಾರ್ಥಕ. ತೊಗಟೆಯೆಲ್ಲ ಉದುರಿ, ಕಾಂಡ ಬಿಸಿಲಿಗೆ ಬಿಳಿಚಿ ಮೂಳೆಯಂತೆ ಕಾಣುವ ಮರದ ಬುಡದಲ್ಲಿ ನಾನು ಹೊತ್ತು ಕಳೆಯುವುದಿಲ್ಲ. ಕಳೆದ ಶತಮಾನದಲ್ಲಿ ಡಚ್ ಎಲ್ಮ್ ರೋಗ ಯುರೋಪ್ ಮತ್ತು ಉತ್ತರ ಅಮೆರಿಕಗಳ ಎಲ್ಮ್ ಮರಗಳನ್ನು ಸಾಲುಸಾಲಾಗಿ ಕೊಂದಿತು. ತೊಗಟೆಯಡಿ ಬದುಕುವ ದುಂಬಿಗಳು ಮರದಿಂದ ಮರಕ್ಕೆ ಹೊತ್ತೊಯ್ಯುವ ಆ ರೋಗವೂ ಒಂದು ಶಿಲೀಂಧ್ರದ್ದೇ. ಒಂದು ಶಿಲೀಂಧ್ರ ಕೊಂದ ಮರದ ಬುಡದಲ್ಲಿ ಇನ್ನೊಂದು ಶಿಲೀಂಧ್ರದ ಸುಗ್ಗಿ ಎದ್ದುದನ್ನು ಹಳೆಯ ಅಣಬೆ ಬೇಟೆಗಾರರು ಇಂದಿಗೂ ನೆನೆಯುತ್ತಾರೆ.

ಎಲ್ಮ್ ಇಲ್ಲದಿದ್ದರೆ ಆ್ಯಶ್, ಟ್ಯೂಲಿಪ್ ಮರ, ಹೊಳೆದಂಡೆಯ ಕಾಟನ್‌ವುಡ್, ಹಳೆಯ ಸೇಬಿನ ಮರ. ಹಿಮಾಲಯದಲ್ಲಿ ಗುಚ್ಛಿ ಎನ್ನುವುದೂ ಇದೇ ಕುಲದ ಅಣಬೆಗೆ. ಅಲ್ಲಿ ಅದು ದೇವದಾರು, ಫರ್ ಮುಂತಾದ ಮರಗಳ ನಡುವೆ ಏಳುತ್ತದೆ. ಊರು ಬದಲಾದಂತೆ ಮರ ಬದಲಾಗುತ್ತದೆ, ಆದರೆ ಮರ ನೋಡದೆ ನೆಲ ನೋಡುವವನ ಬುಟ್ಟಿ ಎಲ್ಲಿಯೂ ತುಂಬುವುದಿಲ್ಲ. ನಿಮ್ಮ ಇಳಿಜಾರಿನಲ್ಲಿ ಯಾವ ಮರಗಳಿವೆ?

ಹೊಸಹೆಜ್ಜೆ

ನಾಚಿಕೆಯಿಂದಲೇ ಹೇಳುತ್ತೇನೆ, ಗಮನಿಸಿಲ್ಲ. ದೊಡ್ಡ ಓಕ್ ಮರಗಳಿವೆ ಎಂಬುದಷ್ಟೇ ನೆನಪು. ಆ ತುಳಿದ ಅಣಬೆ ಸಿಕ್ಕಿದ್ದು ಮಾತ್ರ ಇಳಿಜಾರಿನಲ್ಲಲ್ಲ, ಕೆಳಗಿನ ತೊರೆಯ ಪಕ್ಕದ ಕಾಲುದಾರಿಯಲ್ಲಿ. ಅಲ್ಲಿ ಯಾವ ಮರವಿತ್ತೆಂದು ಈಗ ಎಷ್ಟು ನೆನೆದರೂ ಹೊಳೆಯುತ್ತಿಲ್ಲ.

ಮಣ್ಣುಮಾಪಕ

ಹಳೆಬುಟ್ಟಿಯವರು ಮರದ ಮಾತು ಹೇಳಿದರು. ನಾನು ನಿಮ್ಮ ಕ್ಯಾಲೆಂಡರಿನ ಮೇಲೆ ತಕರಾರು ಎತ್ತುತ್ತೇನೆ. ‘ಪ್ರತಿ ವರ್ಷವೂ ಏಪ್ರಿಲ್ ಎರಡನೆಯ ವಾರ’ ಎಂದಿದ್ದೀರಿ. ಮೊರೆಲ್ ತಾರೀಖು ನೋಡಿ ಏಳುವುದಿಲ್ಲ, ಮಣ್ಣಿನ ಬಿಸಿ ನೋಡಿ ಏಳುತ್ತದೆ. ಮಣ್ಣಿಗೆ ಚುಚ್ಚುವ ಸಾದಾ ತಾಪಮಾಪಕವನ್ನು ಸುಮಾರು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ನೋಡಿ. ಅಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಬಂದು ಕೆಲವು ದಿನ ನಿಂತಿತೆಂದರೆ, ಹಗಲು 15ರಿಂದ 20 ಡಿಗ್ರಿ ಇದ್ದು ರಾತ್ರಿ ಹೆಪ್ಪುಗಟ್ಟುವ ಚಳಿ ಇಲ್ಲವೆಂದರೆ, ಆಗ ಬುಟ್ಟಿ ಹಿಡಿದು ಹೊರಡಬಹುದು. ಮಣ್ಣು ಇನ್ನೂ 6 ಡಿಗ್ರಿಯಲ್ಲಿರುವಾಗ ಎಷ್ಟು ಮಳೆ ಬಿದ್ದರೂ ನೆನೆಯುವುದು ನಿಮ್ಮ ಬಟ್ಟೆ ಮಾತ್ರ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದೇ ಇಳಿಜಾರಿನ ಲೆಕ್ಕವಿದೆ. ಒಂದು ವರ್ಷ ಮೊದಲ ಮೊರೆಲ್ ಏಪ್ರಿಲ್ 8ಕ್ಕೆ, ಅದರ ಮರುವರ್ಷ ಏಪ್ರಿಲ್ 27ಕ್ಕೆ. ಹತ್ತೊಂಬತ್ತು ದಿನಗಳ ಅಂತರ! ಎರಡನೆಯ ವರ್ಷ ಹಿಮ ತಡವಾಗಿ ಕರಗಿತ್ತು, ಅಷ್ಟೇ ವ್ಯತ್ಯಾಸ. ನೀವು ಆ ಎರಡೂ ವರ್ಷ ನನ್ನ ಇಳಿಜಾರಿಗೆ ಏಪ್ರಿಲ್ 12ಕ್ಕೆ ಬಂದಿದ್ದರೆ ಒಮ್ಮೆ ಜಾಗ ಅಮೋಘವೆಂದೂ ಇನ್ನೊಮ್ಮೆ ದಂಡವೆಂದೂ ಬರೆದುಕೊಳ್ಳುತ್ತಿದ್ದಿರಿ.

ಗುಡ್ಡದ ಮುಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಸಮತಟ್ಟು ನೆಲ, ಕೊನೆಗೆ ಉತ್ತರದ ಮಗ್ಗುಲು. ಎತ್ತರ ಹೆಚ್ಚಿದಂತೆ ಋತು ಹಿಂದೆ ಬೀಳುತ್ತದೆ. ಒಂದು ಜಾಗದಲ್ಲಿ ಸುಗ್ಗಿ ಎರಡು ಮೂರು ವಾರಕ್ಕೆ ಮುಗಿದುಹೋದರೂ ಮಗ್ಗುಲು ಬದಲಿಸುತ್ತಾ, ಮೇಲೆ ಏರುತ್ತಾ ಹೋಗುವವರು ಅದನ್ನು ಎರಡು ತಿಂಗಳಿಗೆ ಹಿಗ್ಗಿಸುತ್ತಾರೆ.

ತಾಪಮಾಪಕ ಇಲ್ಲದವರು ಗಿಡಗಳನ್ನು ನೋಡುತ್ತಾರೆ. ಓಕ್ ಮರದ ಚಿಗುರು ಅಳಿಲಿನ ಕಿವಿಯಷ್ಟಾದಾಗ ಹೊರಡಬೇಕು ಎಂಬ ಮಾತು ಅಮೆರಿಕದ ಬೇಟೆಗಾರರಲ್ಲಿ ರೂಢಿಯಲ್ಲಿದೆ. ಟ್ರಿಲಿಯಂ ಹೂವು ಬಿಟ್ಟಾಗ, ಮೇಯ್ಯಾಪಲ್ ಗಿಡ ಕೊಡೆ ಬಿಚ್ಚಿದಾಗ ಎನ್ನುವವರೂ ಇದ್ದಾರೆ. ಇವೆಲ್ಲ ಮಣ್ಣಿನ ಬಿಸಿಯನ್ನೇ ಬೇರೆ ಬೇರೆ ಬಾಯಿಂದ ಹೇಳುವ ಮಾತುಗಳು. ನನಗೆ ಗಾಜಿನ ಕೊಳವೆ ಹೇಳುವುದರಲ್ಲೇ ಹೆಚ್ಚು ನಂಬಿಕೆ, ಅದು ನನ್ನ ಹುಚ್ಚು ಎಂದುಕೊಳ್ಳಿ.

ಎಂಟುಬೀಜಕ

ಮಣ್ಣುಮಾಪಕರು ಹೇಳಿದ ಬಿಸಿಯ ಹಿಂದಿನ ಜೀವವಿಜ್ಞಾನವನ್ನು ಸ್ವಲ್ಪ ಸೇರಿಸುತ್ತೇನೆ. ನಾವು ಕೀಳುವ ಅಣಬೆ ಆ ಜೀವಿಯ ಕಾಯಿ ಇದ್ದಂತೆ. ಅಸಲು ದೇಹ ಮಣ್ಣಿನೊಳಗೆ ನೂಲಿನಂತೆ ಹಬ್ಬಿದ ಕವಕಜಾಲ. ಮೊರೆಲ್‌ಗಳು ಆ ನೂಲುಗಳನ್ನು ಒತ್ತೊತ್ತಾಗಿ ಹೆಣೆದು ಸ್ಕ್ಲೆರೋಷಿಯಂ ಎಂಬ ಗಟ್ಟಿ ಗಂಟುಗಳನ್ನು ಕಟ್ಟಿಕೊಳ್ಳುತ್ತವೆ. ಆಹಾರವನ್ನು ಅದರಲ್ಲಿ ಕೂಡಿಟ್ಟು ಚಳಿಗಾಲ ಕಳೆದು, ನೆಲ ಬೆಚ್ಚಗಾಗಿ ತೇವ ಸಿಕ್ಕಾಗ ಅದೇ ಗಂಟಿನಿಂದ ಮತ್ತೆ ನೂಲೋ ಕಾಯಿಯೋ ಹೊರಡುತ್ತದೆ. ವಸಂತದ ಮೊದಲ ಬಿಸಿಗೆ, ಬೇರೆ ಅಣಬೆಗಳು ಇನ್ನೂ ಮಲಗಿರುವಾಗಲೇ ಇವು ಏಳಲು ಈ ಕೂಡಿಟ್ಟ ಗಂಟು ನೆರವಾಗುತ್ತದೆ.

ರೂಪದಲ್ಲಿಯೂ ಇವು ಕೊಡೆಯಣಬೆಗಳ ದಾಯಾದಿಗಳಲ್ಲ. ಟೊಪ್ಪಿಗೆಯ ಅಡಿಯಲ್ಲಿ ಪದರಗಳಿಲ್ಲ. ಜೇನಿನ ಎರಿಯಂತೆ ಕಾಣುವ ಪ್ರತಿ ಕುಳಿಯ ಒಳಮೈಯಲ್ಲೂ ಸೂಕ್ಷ್ಮವಾದ ಚೀಲಗಳು ಸಾಲಾಗಿ ನಿಂತಿರುತ್ತವೆ, ಒಂದೊಂದು ಚೀಲದಲ್ಲಿ ಎಂಟೆಂಟು ಬೀಜಕಗಳು. ನನ್ನ ಹೆಸರಿನ ಗುಟ್ಟೂ ಅದೇ. ಚೆನ್ನಾಗಿ ಬಲಿತ ಮೊರೆಲ್ ಒಂದನ್ನು ಓರೆ ಬಿಸಿಲಿನಲ್ಲಿ ಹಿಡಿದು ಮೆಲ್ಲಗೆ ಉಸಿರು ಬಿಡಿ; ಒಂದು ಕ್ಷಣ ತಡೆದು ತೆಳ್ಳನೆಯ ಹೊಗೆಯಂಥದ್ದು ಎದ್ದು ಗಾಳಿಯಲ್ಲಿ ತೇಲಿಹೋಗುವುದು ಕಾಣುತ್ತದೆ. ಚೀಲಗಳು ಒಟ್ಟಿಗೆ ಬಾಯಿಬಿಟ್ಟು ಬೀಜಕಗಳನ್ನು ಚಿಮ್ಮಿಸುವ ನೋಟ ಅದು.

ಹೆಸರಿನ ಗೊಂದಲವೂ ಇದೆ. ಹಳೆಯ ಪುಸ್ತಕಗಳು ಹಳದಿ, ಕಪ್ಪು, ಅರ್ಧ ಬಿಡುಗಡೆಯಾದ ಟೊಪ್ಪಿಗೆಯದು ಎಂದು ಮೂರ್ನಾಲ್ಕು ಬಗೆ ಹೇಳಿ ಸುಮ್ಮನಾಗುತ್ತಿದ್ದವು. ಡಿಎನ್‌ಎ ಆಧಾರದ ಮೇಲೆ 2012ರಲ್ಲಿ ಉತ್ತರ ಅಮೆರಿಕ ಒಂದರಿಂದಲೇ 14 ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಇವುಗಳಲ್ಲಿ ಕೆಲವು ಮರದ ನಂಟನ್ನು ಬಿಡುವುದಿಲ್ಲ, ಕೆಲವು ತೋಟಕ್ಕೆ ಹರಡಿದ ಮರದ ಚಕ್ಕೆಯ ಮೇಲೂ ಏಳುತ್ತವೆ, ಕೆಲವಕ್ಕೆ ಬೆಂಕಿ ಬಿದ್ದ ಕಾಡೇ ಬೇಕು. ಆದ್ದರಿಂದ ‘ಮೊರೆಲ್ ಎಲ್ಲಿ ಏಳುತ್ತದೆ’ ಎಂಬ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರೆ ಯಾರೂ ಸುಳ್ಳು ಹೇಳುತ್ತಿಲ್ಲವೆಂದೇ ತಿಳಿಯಿರಿ.

ಕರಿಮಣ್ಣು

ಎಂಟುಬೀಜಕರು ಬೆಂಕಿಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ಎಲ್ಮ್ ಮರದ ಬುಡ ತಡಕುವವನಲ್ಲ. ಹಿಂದಿನ ಬೇಸಿಗೆಯಲ್ಲಿ ಕಾಳ್ಗಿಚ್ಚು ಬಿದ್ದ ಶಂಕುಧಾರಿ ಕಾಡುಗಳನ್ನು ನಕ್ಷೆಯಲ್ಲಿ ಗುರುತಿಸಿಕೊಂಡು, ಹಿಮ ಕರಗಿದ ಮೇಲೆ ಹೋಗುತ್ತೇನೆ. ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಬೆಂಕಿಯ ಮರುವಸಂತದಲ್ಲಿ ಏಳುವ ಕಪ್ಪು ಮೊರೆಲ್‌ಗಳ ಪ್ರಮಾಣವನ್ನು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ಅದರ ಮುಂದಿನ ವರ್ಷ ಅದೇ ಜಾಗದಲ್ಲಿ ಅಲ್ಲೊಂದು ಇಲ್ಲೊಂದು, ಆಮೇಲೆ ಏನೂ ಇಲ್ಲ.

ಸುಟ್ಟ ಕಾಡಿನಲ್ಲಿಯೂ ಆಯ್ಕೆ ಮಾಡಬೇಕು. ಎಲ್ಲವೂ ಬೆಳ್ಳಗೆ ಬೂದಿಯಾಗಿ, ನೆಲದ ಮೇಲ್ಪದರವೇ ಬೆಂದುಹೋದ ಕಡೆ ನನಗೆ ಸಿಕ್ಕಿದ್ದು ಕಡಿಮೆ. ಬೆಂಕಿ ಮರವನ್ನು ಕೊಂದು, ಅದರ ಸೂಜಿಯೆಲೆಗಳನ್ನು ಸುಡದೆ ಬರೀ ಬಾಡಿಸಿ ಬಿಟ್ಟ ಕಡೆ ಹೋಗಿ. ಕೆಂಪಗೆ ಒಣಗಿದ ಆ ಸೂಜಿಗಳು ಕರಿ ನೆಲದ ಮೇಲೆ ಚಾಪೆಯಂತೆ ಉದುರಿರುತ್ತವೆ. ಅದರ ಅಡಿಯಲ್ಲಿ ತೇವ ಆರುವುದಿಲ್ಲ. ಚಾಪೆ ಅಲ್ಲಲ್ಲಿ ಒಂದಿಷ್ಟು ಉಬ್ಬಿದ್ದರೆ ಬೆರಳಿನಿಂದ ಸರಿಸಿ ನೋಡಿ.

ಅಪಾಯದ ಮಾತನ್ನೂ ಹೇಳಲೇಬೇಕು. ಸುಟ್ಟ ಮರಗಳು ಗಾಳಿ ಇಲ್ಲದಾಗಲೂ ಬೀಳುತ್ತವೆ, ಬೀಳುವ ಮುನ್ನ ಸದ್ದು ಮಾಡುತ್ತವೆಂಬ ಭರವಸೆ ಬೇಡ. ಬೇರುಗಳು ನೆಲದೊಳಗೇ ಉರಿದುಹೋಗಿ ಸುರಂಗಗಳಾಗಿರುತ್ತವೆ, ಮೇಲೆ ನೋಡಿದರೆ ಗಟ್ಟಿ ನೆಲ. ನಾನೊಮ್ಮೆ ಅಣಬೆಯ ಮೇಲೆ ಕಣ್ಣಿಟ್ಟು ಹೆಜ್ಜೆ ಹಾಕಿ, ಬಲಗಾಲು ಮಂಡಿಯವರೆಗೆ ಅಂಥ ಗುಂಡಿಯಲ್ಲಿ ಇಳಿದು, ಬುಟ್ಟಿ ಒಂದು ಕಡೆ ನಾನೊಂದು ಕಡೆ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಆ ವರ್ಷದ ಸುಗ್ಗಿ ಅಲ್ಲಿಗೆ ಮುಗಿಯಿತು. ಬೆಂಕಿಯ ನಂತರ ಕಾಡನ್ನು ಮುಚ್ಚಿರಬಹುದು, ಕೀಳಲು ಪರವಾನಗಿ ಬೇಕಾಗಬಹುದು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಹೊಸಹೆಜ್ಜೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಸುಟ್ಟ ಕಾಡು ಸದ್ಯಕ್ಕೆ ನನ್ನ ಶಕ್ತಿಗೆ ಮೀರಿದ್ದು. ಹಳೆಬುಟ್ಟಿಯವರು ಹಳೆಯ ಸೇಬಿನ ಮರಗಳ ಮಾತು ಹೇಳಿದ್ದು ಆಸೆ ಹುಟ್ಟಿಸಿದೆ. ಪಾಳುಬಿದ್ದ ಸೇಬಿನ ತೋಟವೊಂದು ನನಗೆ ಗೊತ್ತು, ಮರಗಳಿಗೆ ಎಂಬತ್ತು ತೊಂಬತ್ತು ವರ್ಷವಾದರೂ ಆಗಿರಬೇಕು. ಈ ವರ್ಷ ಅಲ್ಲಿಂದಲೇ ಆರಂಭಿಸಲೇ?

ಎಂಟುಬೀಜಕ

ನೋಡಲು ಹೋಗಿ, ತಿನ್ನಲು ಬೇಡ. ಅಷ್ಟು ಹಳೆಯ ಸೇಬಿನ ತೋಟಗಳಲ್ಲಿ ಕೀಟನಾಶಕವಾಗಿ ಸೀಸದ ಆರ್ಸೆನೇಟನ್ನು ವರ್ಷಕ್ಕೆ ಹಲವು ಬಾರಿ ಸಿಂಪಡಿಸುತ್ತಿದ್ದರು. ಅಮೆರಿಕದಲ್ಲಿ ಅದರ ಬಳಕೆ 1892ರಲ್ಲಿ ಆರಂಭವಾಯಿತು, ಡಿಡಿಟಿ ಬಂದ ಮೇಲೆ ಕಡಿಮೆಯಾಯಿತು, ಪೂರ್ತಿ ನಿಷೇಧವಾದದ್ದು 1988ರಲ್ಲಿ. ಸೀಸವಾಗಲಿ ಆರ್ಸೆನಿಕ್ ಆಗಲಿ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನ ಮೇಲ್ಪದರದಲ್ಲೇ ಕೂತಿರುತ್ತದೆ. ಅಂಥ ತೋಟಗಳ ಮೊರೆಲ್‌ಗಳನ್ನು ಪರೀಕ್ಷಿಸಿದಾಗ ಎರಡೂ ಅಣಬೆಯೊಳಗೆ ಸೇರಿರುವುದು ಕಂಡುಬಂದಿದೆ. ತೊಳೆದರೂ ಬೇಯಿಸಿದರೂ ಅವು ಹೋಗುವುದಿಲ್ಲ. ರೈಲು ಹಳಿಯ ಬದಿ, ಹೆದ್ದಾರಿಯ ಅಂಚು, ಕಳೆನಾಶಕ ಹೊಡೆಯುವ ಜಾಗಗಳಿಗೂ ಇದೇ ಮಾತು.

ಹಳೆಬುಟ್ಟಿ

ಎಂಟುಬೀಜಕರ ಮಾತನ್ನು ಒಪ್ಪಿಕೊಳ್ಳುತ್ತೇನೆ. ಸೇಬಿನ ತೋಟದ ಹೆಸರೆತ್ತಿದವನೇ ಈ ಎಚ್ಚರಿಕೆಯನ್ನೂ ಬರೆಯಬೇಕಿತ್ತು. ನಾನೂ ವರ್ಷಗಟ್ಟಲೆ ಅಂಥ ತೋಟವೊಂದರಿಂದ ತಂದು ತಿಂದವನೇ; ವಿಷಯ ತಿಳಿದ ಮೇಲೆ ಅತ್ತ ಹೋಗುವುದನ್ನು ಬಿಟ್ಟೆ.

ಇನ್ನು ನೋಡುವ ಬಗೆ. ಹೊಸಬರು ನಡೆಯುತ್ತಾ ಹುಡುಕುತ್ತಾರೆ. ಸರಿಯಾದ ಮರ ಸಿಕ್ಕ ಮೇಲೆ ನಡೆಯಬಾರದು. ಬುಡದಿಂದ ಹತ್ತು ಹೆಜ್ಜೆ ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತು, ನೆಲದ ಮಟ್ಟಕ್ಕೆ ಕಣ್ಣು ತಂದು, ಅಡ್ಡಡ್ಡಲಾಗಿ ನೋಡಿ. ಮೇಲಿನಿಂದ ನೋಡಿದರೆ ಮೊರೆಲ್‌ನ ಕಂದುಬಣ್ಣ ತರಗೆಲೆಯಲ್ಲಿ ಕರಗಿಬಿಡುತ್ತದೆ. ಅಡ್ಡದಿಂದ ನೋಡಿದಾಗ ಅದು ನೆಲದಿಂದ ಎದ್ದುನಿಂತ ಆಕಾರವಾಗಿ ಕಾಣುತ್ತದೆ. ಮುದುರಿದ ಎಲೆ, ಅಳಿಲು ಕಚ್ಚಿ ಬಿಸಾಡಿದ ಪೈನ್ ಕಾಯಿ ಇವೆಲ್ಲ ಹತ್ತು ಸಲ ಮೋಸ ಮಾಡುತ್ತವೆ. ಮೊದಲನೆಯದು ಸಿಕ್ಕ ಕೂಡಲೇ ಕೀಳಬೇಡಿ. ಅದನ್ನೇ ಎರಡು ನಿಮಿಷ ದಿಟ್ಟಿಸಿ, ಎರಿಯ ಕುಳಿಗಳ ನೆರಳು, ಅಂಚಿನ ತಿಳಿಬಣ್ಣ ಕಣ್ಣಿಗೆ ಅಂಟಲಿ. ಆಮೇಲೆ ತಲೆ ಅಲ್ಲಾಡಿಸದೆ ಬರೀ ಕಣ್ಣು ಹೊರಳಿಸಿ. ಆಗಷ್ಟೇ ದಾಟಿ ಬಂದ ಜಾಗದಲ್ಲಿ ಮೂರು ನಾಲ್ಕು ನಿಂತಿರುವುದು ಕಾಣುತ್ತದೆ. ಬಹುಶಃ ಒಂದರ ಮೇಲೆ ನೀವೇ ಕಾಲಿಟ್ಟಿರುತ್ತೀರಿ. ಮೂರು ವರ್ಷದ ಹಿಂದೆ ಅಪ್ಪಚ್ಚಿ ಮಾಡಿದವರು ಯಾರೆಂದು ನಾನು ಕೇಳುವುದಿಲ್ಲ.

ಹೊಸಹೆಜ್ಜೆ

ಆ ಅನುಮಾನ ನನಗೂ ಇದೆ! ಸಿಕ್ಕ ಮೇಲೆ ಚಾಕುವಿನಿಂದ ಕತ್ತರಿಸಬೇಕೇ, ಕೈಯಿಂದ ಕೀಳಬೇಕೇ? ಬಲೆಯ ಚೀಲದಲ್ಲೇ ಹಾಕಬೇಕು, ಇಲ್ಲವಾದರೆ ಬೀಜಕ ಉದುರದೆ ಸಂತತಿ ನಿಲ್ಲುತ್ತದೆ ಎನ್ನುವುದು ನಿಜವೇ?

ಎಂಟುಬೀಜಕ

ಸ್ವಿಟ್ಜರ್ಲೆಂಡಿನ ಕಾಡೊಂದರಲ್ಲಿ 1975ರಿಂದ 2003ರವರೆಗೆ ಅಣಬೆಗಳನ್ನು ಕೆಲವು ತುಂಡು ನೆಲದಲ್ಲಿ ಕಿತ್ತು, ಕೆಲವದರಲ್ಲಿ ಕತ್ತರಿಸಿ, ಕೆಲವನ್ನು ಮುಟ್ಟದೆ ಬಿಟ್ಟು ಹೋಲಿಸಿದರು. ಕಿತ್ತದ್ದರಿಂದಾಗಲಿ ಕತ್ತರಿಸಿದ್ದರಿಂದಾಗಲಿ ಮುಂದಿನ ಫಸಲು ಕುಗ್ಗಲಿಲ್ಲ. ಕುಗ್ಗಿಸಿದ್ದು ನೆಲ ತುಳಿಯುವುದು. ಅದು ಮೊರೆಲ್ ಒಂದರದೇ ಅಧ್ಯಯನವಲ್ಲ, ಆದರೂ ಚಾಕುವಿನ ಜಗಳ ಬಿಟ್ಟು ಎಲ್ಲಿ ಕಾಲಿಡುತ್ತೇವೆ ಎಂದು ನೋಡಿಕೊಳ್ಳಲು ಅಷ್ಟು ಸಾಕು.

ಹಳೆಬುಟ್ಟಿ

ನಾನು ಕತ್ತರಿಸುತ್ತೇನೆ, ಕಾರಣ ಬೇರೆ. ಬುಡದ ಮಣ್ಣು ಒಂದು ಅಣಬೆಯಿಂದ ಉದುರಿ ಇನ್ನೊಂದರ ಕುಳಿಗಳಲ್ಲಿ ಸೇರಿದರೆ ತೊಳೆದು ಸಾಕಾಗುತ್ತದೆ. ಬಲೆಚೀಲದ ಕಥೆಯ ಮೇಲೆ ನನಗೂ ನಂಬಿಕೆಯಿಲ್ಲ, ಗಾಳಿಯಾಡುತ್ತದೆ ಎಂಬ ಕಾರಣಕ್ಕೆ ಬಳಸುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಮನೆ ಸೇರುವಷ್ಟರಲ್ಲಿ ಬೆವೆತು ಲೋಳೆಯಾಗುತ್ತವೆ.

ದೊಡ್ಡಬಾಣಲೆ

ಅಸಲಿ ಯಾವುದು ಎಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. ಪ್ರತಿಯೊಂದು ಅಣಬೆಯನ್ನೂ ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ ನೋಡಬೇಕು. ‘ಪ್ರತಿಯೊಂದು’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಗುಂಪಿನಲ್ಲಿ ಒಂದನ್ನು ಸೀಳಿ ಉಳಿದವನ್ನು ನಂಬಬಾರದು. ಅಸಲಿ ಮೊರೆಲ್ ಒಳಗೆ ತುದಿಯಿಂದ ಬುಡದವರೆಗೆ ಒಂದೇ ಟೊಳ್ಳು, ಕೊಳವೆಯಂತೆ. ಟೊಪ್ಪಿಗೆಯ ಕೆಳಅಂಚು ದಂಟಿಗೆ ಬೆಸೆದುಕೊಂಡಿರುತ್ತದೆ. ಅರ್ಧ ಬಿಡುಗಡೆಯಾದ ಬಗೆಯಲ್ಲಿ ಮಾತ್ರ ಟೊಪ್ಪಿಗೆಯ ನಡುಮಟ್ಟದಲ್ಲಿ ಬೆಸುಗೆ ಇದ್ದು ಕೆಳಭಾಗ ಲಂಗದಂತೆ ಇಳಿಬಿದ್ದಿರುತ್ತದೆ, ಒಳಗೆ ಅದೂ ಟೊಳ್ಳೇ. ಹೊರಗೆ ಏಣು ಮತ್ತು ಕುಳಿಗಳ ಹೆಣಿಗೆ ಸ್ಪಷ್ಟವಾಗಿರುತ್ತದೆ.

ವರ್ಪಾ ಎಂಬುದು ವಸಂತದಲ್ಲಿ ಮೊರೆಲ್‌ಗಿಂತ ತುಸು ಮುಂಚೆಯೇ ಏಳುವ ಹತ್ತಿರದ ನಂಟ. ಇದರ ಟೊಪ್ಪಿಗೆ ದಂಟಿನ ತುತ್ತತುದಿಗೆ ಮಾತ್ರ ಅಂಟಿಕೊಂಡು, ಬೆರಳ ತುದಿಗೆ ಟೋಪಿ ಹಾಕಿದಂತೆ ಸುತ್ತಲೂ ಬಿಡುಬಿಡುವಾಗಿ ತೂಗುತ್ತದೆ. ಎಳೆಯದರ ದಂಟನ್ನು ಸೀಳಿದರೆ ಒಳಗೆ ಹತ್ತಿಯಂಥ ಬಿಳಿ ಎಳೆಗಳು. ಇದನ್ನು ತಿನ್ನುವವರಿದ್ದಾರೆ, ತಿಂದು ಹೊಟ್ಟೆ ಕೆಟ್ಟವರೂ ನಡಿಗೆ ತಪ್ಪಿ ತೂರಾಡಿದವರೂ ಇದ್ದಾರೆ.

ನಿಜವಾಗಿ ಹೆದರಬೇಕಾದದ್ದು ಗೈರೊಮಿಟ್ರಾ ಎಂಬ ಹುಸಿ ಮೊರೆಲ್‌ಗೆ. ಅದರ ಟೊಪ್ಪಿಗೆಯಲ್ಲಿ ಕುಳಿಗಳಿಲ್ಲ, ಮಿದುಳಿನಂತೆ ಸುರುಳಿ ಮಡಿಕೆಗಳು, ಕೆಂಪುಗಂದು ಬಣ್ಣ. ಸೀಳಿದರೆ ಒಂದೇ ಟೊಳ್ಳಿನ ಬದಲು ಕೋಣೆಕೋಣೆಯಾಗಿ ತುಂಬಿಕೊಂಡ ಒಳಭಾಗ. ಅದರಲ್ಲಿರುವ ಗೈರೊಮಿಟ್ರಿನ್ ದೇಹದೊಳಗೆ ಮೊನೊಮೀಥೈಲ್ ಹೈಡ್ರಜೀನ್ ಆಗುತ್ತದೆ. ಬಾಹ್ಯಾಕಾಶ ನೌಕೆಗಳಲ್ಲಿ ಇಂಧನವಾಗಿ ಉರಿಸುವ ರಾಸಾಯನಿಕ ಅದು. ಬೇಯಿಸುವಾಗ ಎದ್ದ ಆವಿಯನ್ನು ಉಸಿರಾಡಿಯೂ ಜನ ಕಾಯಿಲೆ ಬಿದ್ದಿದ್ದಾರೆ. ತಿಂದ ಕೂಡಲೇ ಏನೂ ಆಗುವುದಿಲ್ಲ, ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ ವಾಂತಿ, ಭೇದಿ ಶುರುವಾಗಿ ಮುಂದೆ ಯಕೃತ್ತು ಮತ್ತು ನರಗಳವರೆಗೆ ಹೋಗಬಹುದು. ಫಿನ್ಲೆಂಡಿನಲ್ಲಿ ಇದನ್ನು ಎಚ್ಚರಿಕೆಯ ಚೀಟಿಯೊಂದಿಗೆ ಮಾರುತ್ತಾರೆ, ನಿಜ. ಫ್ರಾನ್ಸಿನ ಆಲ್ಪ್ಸ್ ಪರ್ವತದ ಒಂದು ಹಳ್ಳಿಯಲ್ಲಿ ಎಎಲ್‌ಎಸ್ ಎಂಬ ನರರೋಗ 14 ಜನರಿಗೆ ಬಂದುದನ್ನು ಬೆನ್ನುಹತ್ತಿದ ವೈದ್ಯರು, ಅವರೆಲ್ಲರೂ ಹುಸಿ ಮೊರೆಲ್ ತಿನ್ನುತ್ತಿದ್ದವರೆಂದು 2021ರಲ್ಲಿ ವರದಿ ಮಾಡಿದ್ದಾರೆ. ಅಣಬೆಯೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ನನಗೆ ಮಾತ್ರ ಅಷ್ಟು ಸಾಕಾಗಿದೆ.

ಹೊಸಹೆಜ್ಜೆ

ಅಸಲಿ ಎಂದು ಖಾತ್ರಿಯಾದ ಮೇಲೆ ಭಯವಿಲ್ಲ ತಾನೇ?

ದೊಡ್ಡಬಾಣಲೆ

ಇದೆ. ಅಸಲಿ ಮೊರೆಲ್ ಕೂಡ ಹಸಿಯಾಗಿ ವಿಷವೇ. 2023ರ ವಸಂತದಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಉಪಾಹಾರ ಗೃಹವೊಂದರಲ್ಲಿ ಹಸಿಯಾದ ಅಥವಾ ಅರೆಬೆಂದ ಮೊರೆಲ್ ತಿಂದು 51 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಅವು ಹುಸಿ ಅಲ್ಲ, ಬೇಸಾಯ ಮಾಡಿ ಬೆಳೆದ ಅಸಲಿ ಮೊರೆಲ್‌ಗಳು.

ನನ್ನದೇ ಅನುಭವ ಹೇಳುತ್ತೇನೆ. ವರ್ಷಗಳ ಹಿಂದೆ ದೊಡ್ಡ ಬುಟ್ಟಿಯಷ್ಟು ಸಿಕ್ಕ ಖುಷಿಯಲ್ಲಿ ಬಾಣಲೆ ತುಂಬಾ ಸುರಿದು, ಅಂಚು ಕೆಂಪಗಾದದ್ದನ್ನು ಕಂಡು ಇಳಿಸಿದೆ. ರಾಶಿಯ ನಡುವಿನವು ನೀರು ಬಿಟ್ಟುಕೊಂಡು ಬೆಚ್ಚಗಾಗಿದ್ದವೇ ಹೊರತು ಬೆಂದಿರಲಿಲ್ಲ. ಆ ರಾತ್ರಿ ಮನೆಯ ನಾಲ್ವರಲ್ಲಿ ಮೂವರು ಸರದಿಯ ಮೇಲೆ ಬಚ್ಚಲಿಗೆ ಓಡಿದೆವು. ಅಣಬೆ ಇಷ್ಟಪಡದ ನಾಲ್ಕನೆಯವರು ನೀರು ಕಾಯಿಸಿ ಕೊಡುತ್ತಾ ಕೂತರು. ಅಂದಿನಿಂದ ಒಂದೇ ಪದರವಾಗಿ ಹರಡಿ, ಬಿಟ್ಟ ನೀರೆಲ್ಲ ಇಂಗಿದ ಮೇಲೆ ಮತ್ತೆ ಹುರಿದು, ಒಟ್ಟು 20 ನಿಮಿಷಕ್ಕಿಂತ ಮೊದಲು ಒಲೆಯಿಂದ ಇಳಿಸುವುದಿಲ್ಲ. ಒಣಗಿಸಿದ್ದೆಂದರೆ ಬೆಂದದ್ದೆಂದಲ್ಲ; ನೆನೆಹಾಕಿದ ನಂತರ ಅದನ್ನೂ ಹೀಗೆಯೇ ಬೇಯಿಸಬೇಕು. ಮೊದಲ ಸಲ ತಿನ್ನುವವರು ಎರಡು ತುಂಡಿಗೆ ನಿಲ್ಲಿಸಿ ಮರುದಿನದವರೆಗೆ ಕಾಯಿರಿ, ಜೊತೆಯಲ್ಲಿ ಮದ್ಯ ಬೇಡ.

ಮಣ್ಣುಮಾಪಕ

ಒಣಗಿಸುವ ಮಾತು ಬಂತು, ಒಂದು ಲೆಕ್ಕ ಸೇರಿಸುತ್ತೇನೆ. ಮೊರೆಲ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಹತ್ತು ಕಿಲೋ ಒಣಗಿಸಿದರೆ ಉಳಿಯುವುದು ಸುಮಾರು ಒಂದು ಕಿಲೋ. ಉದ್ದಕ್ಕೆ ಸೀಳಿಯೇ ಒಣಗಿಸಿ. ಬೇಗ ಒಣಗುತ್ತದೆ, ದೊಡ್ಡಬಾಣಲೆಯವರ ಪರೀಕ್ಷೆಯೂ ಅದರಲ್ಲೇ ಮುಗಿಯುತ್ತದೆ, ಟೊಳ್ಳಿನಲ್ಲಿ ಅಡಗಿದ ಹುಳುಗಳೂ ಹೊರಬೀಳುತ್ತವೆ.

ಕರಿಮಣ್ಣು

ಬೇಸಾಯದ ಮೊರೆಲ್ ಎಂದಿರಿ. ಇದನ್ನು ಬೆಳೆಯಲು ಆಗುವುದೇ ಇಲ್ಲವೆಂದು ನಾನು ಇಲ್ಲಿಯವರೆಗೆ ನಂಬಿದ್ದೆ.

ಎಂಟುಬೀಜಕ

ರೊನಾಲ್ಡ್ ಓವರ್ ಎಂಬುವರು ಕೋಣೆಯೊಳಗೆ ಬೆಳೆದ ವಿವರವನ್ನು 1982ರಲ್ಲೇ ಪ್ರಕಟಿಸಿದ್ದರು. ಚೀನಾದಲ್ಲಿ ಕಳೆದ ದಶಕದಿಂದ ನೆರಳುಬಲೆಯ ಕೆಳಗೆ ಹೊಲಗಳಲ್ಲೇ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಿದ್ದಾರೆ. ಡೆನ್ಮಾರ್ಕಿನ ಅವಳಿ ಸಹೋದರರಿಬ್ಬರು ವರ್ಷವಿಡೀ ಒಳಾಂಗಣದಲ್ಲಿ ಬೆಳೆಯುವ ಕ್ರಮವನ್ನು 2021ರಲ್ಲಿ ಪ್ರಕಟಿಸಿದರು. ಬೆಳೆಯಲು ಒಗ್ಗಿರುವುದು ಬಹುಮಟ್ಟಿಗೆ ಕಪ್ಪು ಮೊರೆಲ್‌ಗಳ ಬಳಗ. ನಿಮ್ಮ ಎಲ್ಮ್ ಬುಡದ ಹಳದಿ ಮೊರೆಲ್ ಅಷ್ಟು ಸುಲಭಕ್ಕೆ ಪಳಗಿಲ್ಲ.

ಹೊಸಹೆಜ್ಜೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಓಕ್ ಇಳಿಜಾರನ್ನು ಬಿಟ್ಟು, ತುಳಿದ ಅಣಬೆ ಸಿಕ್ಕಿದ್ದ ತೊರೆಯ ಬದಿಗೆ ಹೋದೆ. ಮೊದಲ ಭೇಟಿಯಲ್ಲಿ ತಾಪಮಾಪಕ 7 ಡಿಗ್ರಿ ತೋರಿಸಿತು. ಹುಡುಕದೆ, ಮರಗಳನ್ನು ಮಾತ್ರ ನೋಡಿ ವಾಪಸು ಬಂದೆ. ಕಾಲುದಾರಿಯಿಂದ ಇಪ್ಪತ್ತು ಹೆಜ್ಜೆ ಒಳಗೆ ತೊಗಟೆ ಜೋಲುಬಿದ್ದ ಎಲ್ಮ್ ಒಂದು ನಿಂತಿತ್ತು. ಮೂರು ವರ್ಷ ಅದರ ಪಕ್ಕದಲ್ಲೇ ಹಾದು ಗುಡ್ಡ ಹತ್ತುತ್ತಿದ್ದೆ.

ಒಂಬತ್ತು ದಿನ ಬಿಟ್ಟು ಹೋದಾಗ 11 ಡಿಗ್ರಿ. ಹೇಳಿದಂತೆ ದೂರದಲ್ಲೇ ಕೂತೆ. ಹತ್ತು ನಿಮಿಷ ಏನೂ ಇಲ್ಲ, ಮಂಡಿ ನೋಯತೊಡಗಿತು. ಏಳಬೇಕೆಂದು ಕೈಯೂರಿದಾಗ, ಊರಿದ ಬೆರಳುಗಳಿಂದ ಒಂದು ಗೇಣು ಆಚೆ, ಬಿದ್ದ ತೊಗಟೆಯನ್ನು ಭುಜದಿಂದ ಎತ್ತಿದಂತೆ ಒಂದು ಹಳದಿ ಮೊರೆಲ್ ನಿಂತಿತ್ತು. ಅದನ್ನು ದಿಟ್ಟಿಸಿ ಕಣ್ಣು ಹೊರಳಿಸಿದೆ, ಇನ್ನೂ ಮೂರು ಕಂಡವು. ತೊರೆಯ ಅಂಚಿನಲ್ಲಿ ಐದನೆಯದು.

ಮನೆಗೆ ತಂದು ಐದನ್ನೂ ಸೀಳಿದೆ. ನಾಲ್ಕು ಸ್ವಚ್ಛವಾಗಿ ಟೊಳ್ಳು. ತೊರೆಯಂಚಿನದರ ಟೊಪ್ಪಿಗೆ ಸುಕ್ಕುಸುಕ್ಕಾಗಿದ್ದು ದಂಟಿನ ನೆತ್ತಿಗೆ ಮಾತ್ರ ಅಂಟಿದೆ, ಬೆರಳಲ್ಲಿ ತಿರುಗಿಸಿದರೆ ಕಳಚಿಯೇ ಬಂತು. ದಂಟಿನೊಳಗೆ ಬಿಳಿ ಎಳೆಗಳು. ವರ್ಪಾ ಎಂದು ನನ್ನ ಊಹೆ.

ದೊಡ್ಡಬಾಣಲೆ

ಊಹೆ ಸರಿ, ವರ್ಪಾ. ಅದನ್ನು ಎಸೆದು ಚಾಕು ತೊಳೆಯಿರಿ. ಉಳಿದ ನಾಲ್ಕಕ್ಕೆ 20 ನಿಮಿಷ.

ಹಳೆಬುಟ್ಟಿ

ಆ ಎಲ್ಮ್‌ಗೆ ತೊಗಟೆ ಎಷ್ಟು ಉಳಿದಿದೆ?

ಹೊಸಹೆಜ್ಜೆ

ಅರ್ಧಕ್ಕಿಂತ ಹೆಚ್ಚು. ತುದಿಯ ರೆಂಬೆಗಳೂ ಹಾಗೆಯೇ ಇವೆ.

ಹಳೆಬುಟ್ಟಿ

ಹಾಗಾದರೆ ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ ಹೋಗಿ. ಈ ಸಲ ಮರದ ಆಚೆ ಮಗ್ಗುಲಲ್ಲಿ ಕೂತು ನೋಡಿ.